ಜಗಲಿಗೆ ಬರುತ್ತಿದ್ದ ಊರು

ಡಿಸೆಂಬರ್ ಬಂತೆಂದರೆ ತಳಿ, ದೇಂಕಣಿಕೋಟೆ, ಅಂಚೆಟ್ಟಿ ಸುತ್ತಿನ ಹಳ್ಳಿಗಳಲ್ಲಿ ಮೂರು ಕೆಲಸ ಒಟ್ಟಿಗೇ ಮೈಮೇಲೆ ಬೀಳುತ್ತಿದ್ದವು: ರಾಗಿ ಕುಯಿಲು, ಆನೆ ಕಾವಲು, ಮಕ್ಕಳ ಅರ್ಧವರ್ಷದ ಪರೀಕ್ಷೆ. ಬನ್ನೇರುಘಟ್ಟದ ಕಾಡಿನಿಂದ ಜವಳಗಿರಿ ಕಡೆಗೆ ಆನೆ ಹಿಂಡು ಇಳಿಯುವುದು ರಾಗಿ ತೆನೆ ಬಲಿಯುವ ಹೊತ್ತಿಗೇ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ಡಬ್ಬ ಬಡಿದು, ಪಟಾಕಿ ಸಿಡಿಸಿ, ಕಣ್ಣು ಕೆಂಪಗಾದ ಅಪ್ಪಂದಿರು ಬೆಳಿಗ್ಗೆ ಮಕ್ಕಳ ಕೈ ಹಿಡಿದು ಶಾಲೆಗೆ ಬರುತ್ತಿದ್ದರು. ಆನೆ ಕಾಡು ಸೇರಿದೆಯೋ ಇಲ್ಲವೋ ಎಂಬ ಭಯಕ್ಕೆ ಬಂದವರು ತಕ್ಷಣ ಹಿಂದಿರುಗುತ್ತಿರಲಿಲ್ಲ. ಜಗಲಿಯ ಮೇಲೆ ಒಂದು ಗಳಿಗೆ ಕೂತು, ಯಾರ ಹೊಲಕ್ಕೆ ನುಗ್ಗಿತು, ಯಾರ ಮೆದೆ ಹಾಳಾಯಿತು ಎಂದು ಮೇಷ್ಟ್ರಿಗೆ ವರದಿ ಒಪ್ಪಿಸಿ, ‘ನಮ್ಮ ಹುಡುಗ ಹೆಂಗೆ ಓದ್ತವ್ನೆ ಮೇಷ್ಟ್ರೇ’ ಎಂದು ಕೇಳಿಯೇ ಏಳುತ್ತಿದ್ದರು.

ನಮ್ಮದು ತಮಿಳುನಾಡು. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಹೊಸೂರು ಸೀಮೆ ಮದ್ರಾಸಿನಲ್ಲೇ ಉಳಿಯಿತು. ಆಗ ನಾವು ಸೇಲಂ ಜಿಲ್ಲೆಯವರು, 1965ರಿಂದ ಧರ್ಮಪುರಿಯವರು, 2004ರಿಂದ ಕೃಷ್ಣಗಿರಿಯವರು. ಕಾಗದದ ಮೇಲಿನ ಜಿಲ್ಲೆ ಬದಲಾಗುತ್ತಾ ಹೋದರೂ ಮನೆಯೊಳಗಿನ ಮಾತು ಕನ್ನಡವೇ ಆಗಿತ್ತು. ಪಕ್ಕದ ಓಣಿಯಲ್ಲಿ ತೆಲುಗು, ಸಂತೆಯಲ್ಲಿ ತಮಿಳು, ಬಟ್ಟೆ ಮಾರುವ ಸಾಬರೊಂದಿಗೆ ಅರೆಬರೆ ಉರ್ದು. ಐದು ವರ್ಷದ ಕೂಸಿಗೂ ಯಾರ ಹತ್ತಿರ ಯಾವ ಮಾತು ಆಡಬೇಕೆಂದು ಗೊತ್ತಿರುತ್ತಿತ್ತು. ಅದನ್ನು ಯಾರೂ ಕಲಿಸಿದ್ದಲ್ಲ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನೆಲ ಇದು. ತಳಿಯನ್ನು ‘ಲಿಟಲ್ ಇಂಗ್ಲೆಂಡ್’ ಎಂದು ಕರೆಯುವುದು ಸುಮ್ಮನೆ ಅಲ್ಲ. ಧನುರ್ಮಾಸದ ಬೆಳಗಿನಲ್ಲಿ ಮಂಜು ಎಷ್ಟು ದಟ್ಟವೆಂದರೆ ಶಾಲೆಯ ಗಂಟೆ ಕೇಳಿಸುತ್ತಿತ್ತೇ ಹೊರತು ಶಾಲೆ ಕಾಣಿಸುತ್ತಿರಲಿಲ್ಲ.

ನಾನು ಓದಿದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಕೋಣೆ ಮತ್ತು ಒಂದು ಉದ್ದನೆಯ ಜಗಲಿಯ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಯಲ್ಲಿ. ಮೇಲೆ ಹೆಂಚು, ಮುಂದೆ ಹೊಂಗೆ ಮರ. ನಾಲ್ಕೈದನೆಯ ತರಗತಿಯವರು ಕೋಣೆಯಲ್ಲಿ, ಚಿಕ್ಕವರು ಜಗಲಿಯಲ್ಲಿ. ಪರೀಕ್ಷೆಯ ಹಿಂದಿನ ವಾರ ಶಾಲೆಯನ್ನು ಹಬ್ಬಕ್ಕೆ ಅಣಿ ಮಾಡುವಂತೆ ಅಣಿ ಮಾಡುತ್ತಿದ್ದರು. ದೊಡ್ಡ ಹುಡುಗರು ಬೇಲಿಯಿಂದ ಉಮ್ಮತ್ತಿ ಸೊಪ್ಪು ಕಿತ್ತು ತರುವುದು, ಮನೆಯ ಒಲೆಯಿಂದ ಇದ್ದಿಲು ತರುವುದು, ಎರಡನ್ನೂ ಕಲ್ಲಿನ ಮೇಲೆ ಅರೆದು ಕರಿಹಲಗೆಗೆ ಬಳಿಯುವುದು. ಮೊದಲು ಹಲಗೆ ಹಸಿರು ಹಸಿರಾಗಿ ಕಾಣುತ್ತಿತ್ತು. ಬಿಸಿಲಿಗೆ ಒರಗಿಸಿದರೆ ಮಧ್ಯಾಹ್ನದ ಹೊತ್ತಿಗೆ ಕಪ್ಪೇರಿ, ಸೀಮೆಸುಣ್ಣ ಎಳೆದ ಗೆರೆ ಬೆಳ್ಳಗೆ ಎದ್ದು ನಿಲ್ಲುತ್ತಿತ್ತು. ಅಂಗೈಗೆ ಅಂಟಿದ ಆ ಕಪ್ಪು ಮತ್ತು ಸೊಪ್ಪಿನ ಕಟುವಾಸನೆ ಎರಡು ದಿನ ಹೋಗುತ್ತಿರಲಿಲ್ಲ. ಜಗಲಿಯನ್ನು ಸಗಣಿಯಿಂದ ಸಾರಿಸುವುದಕ್ಕೆ ತಾಯಂದಿರು ಬರುತ್ತಿದ್ದರು. ಅವರನ್ನು ಬನ್ನಿ ಎಂದು ಯಾರೂ ಕರೆದದ್ದು ನನಗೆ ನೆನಪಿಲ್ಲ. ತಮ್ಮ ಮನೆಯಂಗಳ ಸಾರಿಸಿ ಮಿಕ್ಕ ಸಗಣಿಯ ಬುಟ್ಟಿ ಹೊತ್ತು ಅಲ್ಲಿಗೇ ಬಂದುಬಿಡುತ್ತಿದ್ದರು.

ಕುಯಿಲಿನ ದಿನಗಳಲ್ಲಿ ಮಕ್ಕಳನ್ನು ಶಾಲೆಯಲ್ಲಿ ಹಿಡಿದಿಡುವುದು ಕಷ್ಟ. ಕುಡುಗೋಲು ಹಿಡಿಯುವ ವಯಸ್ಸಲ್ಲದಿದ್ದರೂ ತೆನೆ ಆಯುವುದಕ್ಕೆ, ಕಣದಲ್ಲಿ ಕೋಳಿ ಓಡಿಸುವುದಕ್ಕೆ, ಎಳೆಗೂಸು ಆಡಿಸುವುದಕ್ಕೆ ಕೈ ಬೇಕಿತ್ತಲ್ಲ. ನಮ್ಮ ಮೇಷ್ಟ್ರು ಬೈದು ಹಾಜರಿ ಎಳೆಯುವವರಲ್ಲ. ಸಂಜೆ ಕಣದ ಹತ್ತಿರವೇ ಬಂದು, ರೋಣಗಲ್ಲು ಸುತ್ತುತ್ತಿದ್ದಾಗ ಮೆದೆಯ ಪಕ್ಕ ನಿಂತು ಮಗ್ಗಿ ಹೇಳಿಸುತ್ತಿದ್ದರು. ‘ಎರಡೊಂದ್ಲ ಎರಡು’ ಎಂದು ನಾವು ರಾಗ ಎಳೆದರೆ ಎತ್ತು ಹೊಡೆಯುವ ಚಿಕ್ಕಪ್ಪನೂ ಜೊತೆಗೆ ಎಳೆಯುತ್ತಿದ್ದ. ಒಂದು, ಎರಡನೆಯ ತರಗತಿಗೆ ಬಾಯಿ ಪರೀಕ್ಷೆ. ಅದು ನಡೆಯುತ್ತಿದ್ದದ್ದು ಜಗಲಿಯಲ್ಲಿ, ಕೇಳುವವರೆಲ್ಲರ ಎದುರಿಗೆ. ಮಗು ತಡವರಿಸಿದರೆ ಮೇಷ್ಟ್ರಿಗಿಂತ ಮೊದಲು ಅದರ ಅಜ್ಜಿಯ ತುಟಿ ಅಲುಗುತ್ತಿತ್ತು. ಆಕೆಗೆ ಅಕ್ಷರ ಬಾರದು. ಮೂರು ಮಕ್ಕಳು, ಏಳೆಂಟು ಮೊಮ್ಮಕ್ಕಳು ಅದೇ ಪಾಠ ಒಪ್ಪಿಸುವುದನ್ನು ಕೇಳಿ ಕೇಳಿ ಒಂದನೆಯ ತರಗತಿಯ ಪುಸ್ತಕ ಪೂರ್ತಿ ಬಾಯಿಗೆ ಬಂದಿತ್ತು.

1982ರ ಜುಲೈ 1ರಂದು ಎಂ.ಜಿ.ಆರ್. ಸರ್ಕಾರದ ಸತ್ತುಣವು ಎಂಬ ಶಾಲಾ ಊಟದ ಯೋಜನೆ ಶುರುವಾಯಿತು. ಹೊತ್ತಿಗೆರಡು ಮುದ್ದೆ ಉಣ್ಣುವ, ಅನ್ನವನ್ನು ಹಬ್ಬದಲ್ಲಷ್ಟೇ ಕಾಣುವ ನಮ್ಮಂಥ ಊರಿಗೆ ದಿನವೂ ಮಧ್ಯಾಹ್ನ ಬಿಸಿ ಅನ್ನ ಅಂದರೆ ಏನೆಂದು ಈಗ ಹೇಳಿದರೆ ಅರ್ಥವಾಗುವುದು ಕಷ್ಟ. ಅಕ್ಕಿ, ಬೇಳೆ, ಎಣ್ಣೆ ಸರ್ಕಾರದ್ದು. ಸೊಪ್ಪು, ತರಕಾರಿಗೆ ಊರಿನ ಕೈಯೂ ಸೇರುತ್ತಿತ್ತು. ಒಂದು ದಿನ ಯಾರದೋ ಹಿತ್ತಲಿನ ನುಗ್ಗೆಸೊಪ್ಪು, ಇನ್ನೊಂದು ದಿನ ಯಾರದೋ ಕುಂಬಳಕಾಯಿ. ಡಿಸೆಂಬರಿನಲ್ಲಿ ಮಾತ್ರ ಅವರೆಕಾಯಿ.

ಈ ಅವರೆಕಾಯಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಾಕಿದ ಅವರೆ, ಮಂಜು ಬಿದ್ದು ಸೊಗಡು ಏರುವುದು ಪರೀಕ್ಷೆಯ ವಾರಕ್ಕೇ ಸರಿಯಾಗಿ. ಪರೀಕ್ಷೆಯ ಕೊನೆಯ ದಿನ ಶಾಲೆಯಲ್ಲಿ ಹಿದುಕವರೆ ಸಾರು ಆಗಬೇಕೆಂಬುದು ಊರು ಮಾಡಿಕೊಂಡ ಪದ್ಧತಿ. ಅಕ್ಕಡಿ ಇದ್ದ ಪ್ರತಿ ಮನೆಯಿಂದ ಒಂದು ಮೊರ ಕಾಯಿ. ಹೊಲ ಇಲ್ಲದವರಿಂದ ಒಂದು ಹಿಡಿ ಕೊತ್ತಂಬರಿ, ನಾಲ್ಕು ಬೆಳ್ಳುಳ್ಳಿ, ಇಲ್ಲವೇ ಎರಡು ಹೊರೆ ಸೌದೆ. ಏನೂ ತರಲಾರದವಳು ಹಿದುಕಲು ಕೂರುತ್ತಿದ್ದಳು. ಹಿಂದಿನ ದಿನವೇ ಕಾಯಿ ಸುಲಿದು, ಕಾಳು ನೆನೆಹಾಕಿ, ಬೆಳಿಗ್ಗೆ ಹತ್ತಾರು ಹೆಂಗಸರು ಜಗಲಿಯ ಆ ತುದಿಯಿಂದ ಈ ತುದಿಗೆ ಸಾಲಾಗಿ ಕೂತು ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತಿದ್ದರು. ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ. ಒಳಗೆ ನಾವು ಗಣಿತದ ಪರೀಕ್ಷೆ ಬರೆಯುತ್ತಿದ್ದೆವು. ಹೆಂಗಸರ ಮಾತು ಜೋರಾದರೆ ಮೇಷ್ಟ್ರು ಬಾಗಿಲಿಗೆ ಬಂದು ‘ಅವ್ವಾ, ಮಕ್ಳು ಬರೀತಾವ್ರೆ’ ಎನ್ನುತ್ತಿದ್ದರು. ಆಮೇಲೆ ಪಿಸುಮಾತು, ಬೇಳೆ ಬೀಳುವ ಸದ್ದು. ಹನ್ನೆರಡರ ಹೊತ್ತಿಗೆ ಒಗ್ಗರಣೆಯ ವಾಸನೆ ಕಿಟಕಿಯಿಂದ ಬಂದರೆ ಭಾಗಾಕಾರದ ಶೇಷ ಎಷ್ಟು ಬಂದರೂ ಸರಿ ಅನ್ನಿಸುತ್ತಿತ್ತು.

ಅಡುಗೆಯಾಕೆ ತಮಿಳಿನವಳು. ಹಿದುಕವರೆಗೆ ಎಷ್ಟು ಹುಳಿ, ಎಷ್ಟು ಕೊಬ್ಬರಿ ಎಂದು ನಮ್ಮೂರ ಹೆಂಗಸರಿಗೂ ಆಕೆಗೂ ವರ್ಷವೂ ಚರ್ಚೆ. ಚರ್ಚೆ ಎರಡು ಭಾಷೆಯಲ್ಲಿ ನಡೆದು, ಸಾರು ಒಂದೇ ಆಗುತ್ತಿತ್ತು.

ಅದೇ ರಾತ್ರಿ ನಾಟಕ. ಯಾರದೋ ಮನೆಯ ಎರಡು ಸೀರೆ ಕಟ್ಟಿದರೆ ಪರದೆ, ಕಣದ ನೆಲವೇ ರಂಗ. ತಳಿಯಿಂದ ಬಾಡಿಗೆಗೆ ತಂದ ಗ್ಯಾಸ್‌ಲೈಟಿಗೆ ಊರವರು ಚಂದಾ ಎತ್ತುತ್ತಿದ್ದರು. ಪುಣ್ಯಕೋಟಿಯ ಕಥೆ ಬಹುತೇಕ ಪ್ರತಿ ವರ್ಷ ಇರುತ್ತಿತ್ತು. ಬೇರೆ ಕಡೆ ಅದು ಸತ್ಯದ ಕಥೆ ಇರಬಹುದು, ನಮ್ಮ ಊರಲ್ಲಿ ಅದು ಹುಲಿಯ ಕಥೆಯೂ ಹೌದು. ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಬೇಟೆ ಪುಸ್ತಕದಲ್ಲಿ ಗುಮ್ಮಳಾಪುರದ ನರಭಕ್ಷಕ ಚಿರತೆ ಇದೆ, ಜವಳಗಿರಿಯ ಹೆಣ್ಣುಹುಲಿ ಇದೆ. ತೇಜಸ್ವಿಯವರು ಆಂಡರ್ಸನ್ನನ ಕಥೆಗಳನ್ನು ಕನ್ನಡಕ್ಕೆ ತಂದ ಮೇಲೆ ಆತನ ಹೆಸರು ಕನ್ನಡಿಗರಿಗೆಲ್ಲ ಗೊತ್ತು. ನಮ್ಮ ಅಜ್ಜಂದಿರಿಗೆ ಆ ಊರುಗಳು ನೆಂಟರ ಊರುಗಳು. ಆದ್ದರಿಂದ ಅರ್ಬುತ ವ್ಯಾಘ್ರ ರಂಗಕ್ಕೆ ಬಂದರೆ ಮುಂದೆ ಕೂತ ಮುದುಕರು ನಿಜವಾಗಿಯೂ ಸ್ವಲ್ಪ ಹಿಂದೆ ಸರಿಯುತ್ತಿದ್ದರು. ನಡುವೆ ಒಂದು ತೆಲುಗು ಹಾಡು, ಒಂದು ತಮಿಳು ನೃತ್ಯ ಇರಲೇಬೇಕು; ನೋಡಲು ಬಂದವರಲ್ಲಿ ಅವರೂ ಇದ್ದರಲ್ಲ. ಶಿಕ್ಷಣ ಇಲಾಖೆಯ ಅಧಿಕಾರಿ ಬಂದರೆ ತಮಿಳಿನಲ್ಲಿ ಭಾಷಣ ಮಾಡುತ್ತಿದ್ದರು, ಮೇಷ್ಟ್ರು ಕನ್ನಡದಲ್ಲಿ ಹೇಳುತ್ತಿದ್ದರು, ಎರಡಕ್ಕೂ ಚಪ್ಪಾಳೆ.

ಆ ರಾತ್ರಿ ಎಷ್ಟು ದೊಡ್ಡದಾಗಿತ್ತೆಂದು ನನಗೆ ತಿಳಿದದ್ದು ಅದು ನಿಂತ ಮೇಲೆ. ನಮ್ಮ ಸೀಮೆಯಲ್ಲಿ ಕನ್ನಡ ಮನೆಯೊಳಗಿನ ಮಾತು. ಬಸ್ಸಿನ ಫಲಕದಲ್ಲಿ ಅದಿಲ್ಲ, ತಾಲ್ಲೂಕು ಕಚೇರಿಯ ಅರ್ಜಿಯಲ್ಲಿ ಇಲ್ಲ, ಆಸ್ಪತ್ರೆಯ ಚೀಟಿಯಲ್ಲಿ ಇಲ್ಲ. ಮನೆಯ ಹೊಸಲು ದಾಟಿ ಎದೆಯೆತ್ತಿ, ಹತ್ತು ಜನರ ಮುಂದೆ ಗಟ್ಟಿಯಾಗಿ ಕನ್ನಡ ನುಡಿಯಲು ಒಂದು ಜಾಗ ಎಂದಿದ್ದರೆ ಅದು ಈ ಶಾಲೆ, ಈ ಜಗಲಿ. ಮಗು ಓದುತ್ತಿತ್ತು, ಊರು ಕೇಳುತ್ತಿತ್ತು. ಕೇಳುವವರು ಹೋದ ಮೇಲೆ ಓದುವವರೂ ಕಡಿಮೆಯಾದರು ಎಂದೇ ನನ್ನ ನಂಬಿಕೆ. ಎಲ್ಲರೂ ಇದನ್ನು ತಿರುಗಿಸಿ ಹೇಳುತ್ತಾರೆ.

ಇದೆಲ್ಲ ಹೇಗೆ ಹೋಯಿತು ಎನ್ನುವುದಕ್ಕೆ ಒಂದೇ ಕಾರಣ ಹುಡುಕಬಾರದು. ಹೊಸೂರಿಗೆ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು. ರಾಗಿ ಹೊಲದ ಮಕ್ಕಳಿಗೆ ತಿಂಗಳ ಸಂಬಳ ಕಾಣಿಸಿತು. ಅದು ಒಳ್ಳೆಯದೇ. ಆದರೆ ಆ ಸಂಬಳದ ಬಾಗಿಲಲ್ಲಿ ಇಂಗ್ಲಿಷೂ ತಮಿಳೂ ನಿಂತಿದ್ದವು, ಕನ್ನಡ ಇರಲಿಲ್ಲ. ಊರಿಗೆ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಬರತೊಡಗಿತು. 2006ರ ತಮಿಳು ಕಲಿಕೆ ಕಾಯ್ದೆ ಒಂದನೆಯ ತರಗತಿಯಿಂದ ತಮಿಳನ್ನು ಕಡ್ಡಾಯ ಮಾಡಿ ವರ್ಷಕ್ಕೊಂದು ತರಗತಿಯಂತೆ ಮೇಲೇರಿತು. ಆ ವರ್ಷ ಒಂದನೆಯ ತರಗತಿ ಸೇರಿದ ಮಕ್ಕಳು 2016ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಮುಟ್ಟಿದರು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೆ ಹೋಗಿ ವಿನಾಯಿತಿ ತಂದದ್ದೂ ಉಂಟು. ತಮಿಳು ಕಲಿಯುವುದರಿಂದ ನಮ್ಮ ಮಕ್ಕಳಿಗೆ ನಷ್ಟವಾಯಿತು ಎಂದು ನಾನು ಹೇಳಲಾರೆ, ಅದು ಅವರ ಬೀದಿಯ ಮಾತು. ನಷ್ಟ ಬೇರೆಲ್ಲೋ ಆಯಿತು. ಅಂಕಕ್ಕೆ ಬಾರದ ಕನ್ನಡ ವೇಳಾಪಟ್ಟಿಯ ಮೂಲೆಗೆ ಸರಿಯಿತು. ನಿವೃತ್ತರಾದ ಕನ್ನಡ ಮೇಷ್ಟ್ರ ಜಾಗ ಖಾಲಿಯೇ ಉಳಿಯುವುದನ್ನು ನಮ್ಮ ಸುತ್ತಿನ ಊರುಗಳಲ್ಲಿ ಕಂಡಿದ್ದೇವೆ. ಮೇಷ್ಟ್ರಿಲ್ಲದ ಶಾಲೆಗೆ ಮಗುವನ್ನು ಕಳಿಸಿ ಎಂದು ಯಾವ ತಾಯಿಗೆ ಹೇಳುವುದು?

ಈಗ ನನ್ನ ತಮ್ಮನ ಮಗಳು ಹೊಸೂರಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಾಳೆ. ಅವಳ ಶಾಲೆಯಲ್ಲೂ ಡಿಸೆಂಬರಿನಲ್ಲಿ ವಾರ್ಷಿಕೋತ್ಸವ. ದೊಡ್ಡ ಮಂಟಪ, ಬಣ್ಣದ ದೀಪ, ಮಕ್ಕಳ ಕುಣಿತ ಚೆನ್ನಾಗಿತ್ತು, ನನಗೆ ಸಂತೋಷವೇ ಆಯಿತು. ಉಡುಪಿಗೆ ಇಷ್ಟು, ಊಟಕ್ಕೆ ಇಷ್ಟು ಎಂದು ವಾಟ್ಸಾಪಿನಲ್ಲಿ ಬಂತು, ತಮ್ಮ ಕಟ್ಟಿದ. ಅದಾದ ಮೇಲೆ ಅವನಿಂದಾಗಲಿ ನಾದಿನಿಯಿಂದಾಗಲಿ ಯಾರಿಗೂ ಏನೂ ಬೇಕಾಗಿರಲಿಲ್ಲ. ನಮ್ಮ ಅಮ್ಮ ಮುಂದಿನ ಸಾಲಿನಲ್ಲಿ ಕೂತು ಎರಡು ಗಂಟೆ ನೋಡಿದಳು. ಮೊಮ್ಮಗಳು ಹೇಳಿದ ಒಂದು ಸಾಲೂ ಅವಳಿಗೆ ತಿಳಿಯಲಿಲ್ಲ. ‘ಚೆಂದಾಗಿ ಹೇಳ್ತು’ ಎಂದಳು, ಮಡಿಲಲ್ಲಿ ಕೂರಿಸಿಕೊಂಡಳು. ಆ ಮಗು ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತಾಡುತ್ತದೆ. ಗೋಡೆಯ ಮೇಲೆ ತೂಗುಹಾಕಿದ ಅಜ್ಜನ ಫೋಟೋದ ಕೆಳಗಿನ ಹೆಸರು ಓದಲು ಬರುವುದಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಈಗ ಅನುಕೂಲ ಹೆಚ್ಚಿದೆ ಎಂಬುದನ್ನೂ ಹೇಳಬೇಕು. ಪುಸ್ತಕ, ಸಮವಸ್ತ್ರ, ಚೀಲ, ಚಪ್ಪಲಿ ಉಚಿತ. 2022ರಲ್ಲಿ ಶುರುವಾದ ಬೆಳಗಿನ ತಿಂಡಿ ಯೋಜನೆಯಿಂದ ಬಿಸಿ ಉಪ್ಪಿಟ್ಟು, ಪೊಂಗಲ್ ಸಿಗುತ್ತದೆ. ಪೋಷಕರ ಸಮಿತಿ ಇದೆ, ಸಭೆ ಇದೆ, ಸಹಿ ಹಾಕುವ ಪುಸ್ತಕ ಇದೆ. ಇಷ್ಟೆಲ್ಲ ಇದ್ದೂ ಊರಿನ ಮೊರಕ್ಕೆ ಅಲ್ಲಿ ಜಾಗ ಇಲ್ಲ. ಯಾರೂ ಬೇಡ ಎಂದು ತಳ್ಳಿದ್ದಲ್ಲ. ಎಲ್ಲವೂ ಮೇಲಿಂದಲೇ ಬಂದಾಗ ಕೆಳಗಿನ ಕೈ ತಾನಾಗಿ ಕೆಲಸ ಬಿಡುತ್ತದೆ.

ಅಂಚೆಟ್ಟಿ ಕಡೆ ನನ್ನ ದೊಡ್ಡಮ್ಮನ ಮಗಳು ಇದ್ದಾಳೆ. ಸುತ್ತಿನ ಮನೆಗಳ ಮಕ್ಕಳೆಲ್ಲ ವ್ಯಾನು ಹತ್ತಿದರೂ ತನ್ನ ಮೊಮ್ಮಗನನ್ನು ಹಟ ಹಿಡಿದು ಊರ ಕನ್ನಡ ಶಾಲೆಗೇ ಹಾಕಿಸಿದವಳು. ಹೋದ ಡಿಸೆಂಬರಿನಲ್ಲಿ ಪರೀಕ್ಷೆಯ ಕೊನೆಯ ದಿನಕ್ಕೆಂದು ಒಂದು ಮೊರ ಅವರೆಕಾಯಿ ಹೊತ್ತು ಹೋದಳಂತೆ. ಮೇಷ್ಟ್ರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಹೊರಗಿನದನ್ನು ಅಡುಗೆಗೆ ಸೇರಿಸುವ ಹಾಗಿಲ್ಲ, ಏನಾದರೂ ಆದರೆ ನನ್ನ ಮೇಲೆ ಬರುತ್ತದೆ ಅಕ್ಕಾ ಎಂದು ಕೈಮುಗಿದರಂತೆ. ಆಕೆಗೆ ಬೇಸರವಾಗಲಿಲ್ಲ. ಮಕ್ಕಳ ಹೊಟ್ಟೆಯ ವಿಷಯ, ಅವರ ಭಯವೂ ಸರಿ ಎಂದುಕೊಂಡು ಮೊರ ಕೆಳಗಿಟ್ಟು ಕೇಳಿದಳು:

‘ಅಂಗಾದ್ರೆ ನಾನು ಸುಮ್ನೆ ಬಂದು ಜಗಲಿ ಮ್ಯಾಲೆ ಕುಂತ್ಕಂಡು ಮಗ ಓದೋದು ಕೇಳ್ಬೋದಾ ಮೇಷ್ಟ್ರೇ?’

‘ಬನ್ನಿ ಅಕ್ಕಾ, ದಿನಾ ಬನ್ನಿ. ಆದ್ರೆ ನಂಗೆ ಎರಡು ಶಾಲೆ ಕೊಟ್ಟವ್ರೆ. ಇಲ್ಲಿಗೆ ನಾನು ಬರೋದು ವಾರಕ್ಕೆ ಮೂರೇ ದಿನ.’