ಮರದ್ದಲ್ಲವಾ, ಎಂತ ಆಗುವುದಿಲ್ಲ

ಯೋಆಖಿಮ್ ಮೇಯರ್ ಎಂಬವನ ಕತ್ತಿವರಸೆಯ ಪುಸ್ತಕ ನನಗೆ ಸಿಕ್ಕಿದ್ದು ಮೊಬೈಲಿನಲ್ಲಿ, ಒಂದು ಮಳೆಗಾಲದ ರಾತ್ರಿ. 1570ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅಚ್ಚಾದ ಜರ್ಮನ್ ಪುಸ್ತಕ. ಮೇಯರ್ ಹುಟ್ಟಿದ್ದು ಬಾಸೆಲಿನಲ್ಲಿ. ಕಸುಬು ಚೂರಿ ಮಾಡುವುದು. ಬಾಸೆಲ್ ಎಂದರೆ ನಮ್ಮ ಜಿಲ್ಲೆಯವರಿಗೆ ಮಿಷನ್, ಹೆಂಚಿನ ಕಾರ್ಖಾನೆ, ಕಿಟ್ಟೆಲರ ನಿಘಂಟು. ಆ ಊರಿನವನೇ ಕತ್ತಿಯ ಗುರುವೂ ಆಗಿದ್ದ ಎಂದು ತಿಳಿದಾಗ ನನಗೆ ಏನೋ ಹಳೆಯ ನೆಂಟಸ್ತಿಕೆ ಸಿಕ್ಕಿದಷ್ಟು ಖುಷಿಯಾಯಿತು.

ಜರ್ಮನ್ ನನಗೆ ಬಾರದು. ಚಿತ್ರಗಳು ಸಾಕಷ್ಟಿದ್ದವು: ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿ, ಬಲ ಹೆಗಲಿನಿಂದ ಓರೆಯಾಗಿ ಇಳಿಯುವ ಹೊಡೆತ, ಎದುರಿನವನ ನಿಲುವು. ಜತೆಗೆ ವಿಡಿಯೋಗಳು. ಇಷ್ಟು ನೋಡಿದರೆ ಕಲಿಯಬಹುದು, ಕಲಿಸಲೂಬಹುದು ಎಂದು ನಾನು ನಿಜವಾಗಿಯೂ ನಂಬಿದೆ.

ಕೊಕ್ಕಡದ ಆಚಾರಿಯವರ ಹತ್ತಿರ ಹೋಗಿ ಎರಡು ಮರದ ಕತ್ತಿ ಬೇಕೆಂದೆ. “ಯಕ್ಷಗಾನಕ್ಕಾ?” ಎಂದು ಕೇಳಿದರು. ಅಲ್ಲ, ಒಂದಕ್ಕೊಂದು ಬಡಿಯುವುದಕ್ಕೆ ಎಂದೆ. “ಬಡಿಯುವುದಕ್ಕಾದರೆ ಸಾಗುವಾನಿ ಬೇಡ ಮಾರಾಯ್ರೆ, ಸೀಳ್ತದೆ. ಹುಣಸೆ ಇದ್ದರೆ ತನ್ನಿ.” ಮನೆಯಲ್ಲಿ ಹಳೆಯ ಸಾಗುವಾನಿ ಹಲಗೆ ಇತ್ತು, ಬಣ್ಣ ಚಂದ, ಎಳೆ ಚಂದ. ನಾನು ಅದನ್ನೇ ಕೊಟ್ಟೆ. ಅವರು ಮತ್ತೆ ಮಾತಾಡಲಿಲ್ಲ, ಕೆಲಸ ಮಾತ್ರ ಚೊಕ್ಕವಾಗಿ ಮಾಡಿಕೊಟ್ಟರು.

ಶಿಷ್ಯನೂ ಮನೆಯಲ್ಲೇ ಇದ್ದ. ಅಕ್ಕನ ಮಗ, ಹೈಸ್ಕೂಲು ಹುಡುಗ, ರಜೆಗೆ ಬಂದವನು. ನಾನು ಏನು ಹೇಳಿದರೂ ನಂಬುವ ಪ್ರಾಯ. ಅಡಿಕೆ ಅಂಗಳದಲ್ಲಿ ಅವನನ್ನು ಎದುರು ನಿಲ್ಲಿಸಿ ಕತ್ತಿ ಕೊಟ್ಟೆ. “ಮಾವ, ಕೈಗೆ ಎಂತಾದರೂ ಹಾಕಬೇಕಾ?” ಎಂದ. “ಮರದ್ದಲ್ಲವಾ, ಎಂತ ಆಗುವುದಿಲ್ಲ” ಎಂದೆ.

ವಿಡಿಯೋದಲ್ಲಿ ಎರಡು ಕತ್ತಿ ಕೂಡಿದಲ್ಲಿ ಕಚ್ಚಿಕೊಂಡು ನಿಲ್ಲುತ್ತವೆ. ಆ ಒತ್ತಡದಲ್ಲೇ ಎದುರಾಳಿಯ ಮುಂದಿನ ನಡೆ ಕೈಗೆ ತಿಳಿಯಬೇಕು ಎನ್ನುವುದು ಜರ್ಮನ್ ವರಸೆಯ ಜೀವಾಳ. ಉಕ್ಕಿನ ಅಂಚು ಹಾಗೆ ಹಿಡಿದು ನಿಲ್ಲುತ್ತದೆ, ನುಣುಪು ಮರ ಜಾರುತ್ತದೆ ಇಲ್ಲವೇ ಪುಟಿಯುತ್ತದೆ. ವಿಡಿಯೋದವರು ಉದ್ದ ಕತ್ತಿಯ ಅಭ್ಯಾಸಕ್ಕೆ ಫೆಡರ್ ಎಂಬ ಮೊಂಡು ಉಕ್ಕಿನ ಕತ್ತಿ ಬಳಸುವುದು, ತಿವಿದರೆ ಅದು ಬಾಗುವುದು, ಮುಖಕ್ಕೆ ಜಾಲರಿ, ಬೆರಳಿಗೆ ದಪ್ಪ ಗವಸು ಹಾಕುವುದು, ಎಲ್ಲವೂ ನನ್ನ ಕಣ್ಣೆದುರೇ ಇತ್ತು. ನಾನು ನೋಡಿದ್ದು ಹೊಡೆತವನ್ನು ಮಾತ್ರ.

ಹೆಗಲಿನಿಂದ ಬೀಸಿದೆ. ಅವನು ತಡೆದ. ನನ್ನ ಕತ್ತಿ ಎಳೆಯುದ್ದಕ್ಕೂ ಸೀಳಿ, ಸೀಳಿದ ಭಾಗ ಅವನ ಕತ್ತಿಯ ಮೇಲಿನಿಂದ ಜಾರಿ ಹೆಬ್ಬೆರಳಿಗೆ ಬಡಿಯಿತು. ಹುಡುಗ ಕೂಗಲಿಲ್ಲ. ಕೈಯನ್ನು ಎದೆಗೆ ಒತ್ತಿಕೊಂಡು ಅಂಗಳದಲ್ಲೇ ಕೂತ.

ಪುತ್ತೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಎಲುಬು ಬಿರುಕು ಬಿಟ್ಟಿತ್ತು. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವನು “ಕ್ರಿಕೆಟ್ ಬಾಲ್” ಎಂದ. ನನ್ನನ್ನು ನೋಡಲೂ ಇಲ್ಲ. ನಾನು ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ಅಕ್ಕನ ಎದುರೂ ಅದೇ ಮಾತು, ಅಲ್ಲಿಯೂ ಸುಮ್ಮನಿದ್ದೆ. ಊಟಕ್ಕೆ ಕೂತಾಗ ಅವಳು ಮಗನಿಗೆ ಕಲಸಿ ತಿನ್ನಿಸುತ್ತಾ “ಮಾವ ಇದ್ದದ್ದಕ್ಕೆ ಬೇಗ ಆಸ್ಪತ್ರೆಗೆ ಮುಟ್ಟಿತು” ಎಂದಳು. ಅನ್ನ ಗಂಟಲಿನಲ್ಲಿ ನಿಂತಿತು. ಮಾರನೇ ದಿನ ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. “ಅವನಿಗೆ ಸುಳ್ಳು ಹೇಳಲಿಕ್ಕೆ ಬಿಟ್ಟೆಯಲ್ಲ” ಎಂದಳು. ಬೆರಳಿನ ವಿಷಯ ಅವಳು ಎತ್ತಲೇ ಇಲ್ಲ.

ಆಮೇಲೆ ನಾನು ಹೆಚ್ಚು ಯೋಚಿಸಿದ್ದು ಮರದ ಬಗ್ಗೆ. ಲೋಹಕ್ಕೆ ಎಲ್ಲರೂ ಹೆದರುತ್ತಾರೆ, ಹೆದರಿದವರು ಜಾಗ್ರತೆ ಮಾಡುತ್ತಾರೆ. ಮರ ಕೈಗೆ ಬಂದರೆ ಆಟದ ವಸ್ತು ಎನಿಸುತ್ತದೆ. ಕಳರಿಪಯಟ್ಟಿನವರಿಗೆ ಹಾಗಲ್ಲ. ಅಲ್ಲಿ ಮೊದಲು ಮೈತ್ತಾರಿ, ಮೈಯನ್ನು ಹದ ಮಾಡುವ ಪಾಠ. ಆಮೇಲೆ ಕೋಲ್ತಾರಿ: ಉದ್ದ ಕೋಲು, ಗಿಡ್ಡ ಕೋಲು, ಆನೆಯ ದಂತದ ಹಾಗೆ ಬಾಗಿದ ಒಟ್ಟ. ಉಕ್ಕಿನ ಅಂಗತ್ತಾರಿ ಅದರ ನಂತರ. ಒಟ್ಟವನ್ನು ಅವರು ಮಾಡುವುದು ಹುಣಸೆ ಮರದಲ್ಲಿ ಎಂದು ತಿಳಿದ ದಿನ ಆಚಾರಿಯವರ ಮನೆಗೆ ಹೋಗಿ, ನಿಮ್ಮ ಮಾತು ಕೇಳಬೇಕಿತ್ತು ಎಂದು ಹೇಳಿ ಬಂದೆ.

ಕಳರಿಯಲ್ಲಿ ಪ್ರತಿ ಹೆಜ್ಜೆಗೂ ಗುರುಕ್ಕಳ್ ಬಾಯಿಯಿಂದ ಆಜ್ಞೆ ಬರುತ್ತದೆ, ಅದು ವಾಯ್ತಾರಿ. ಜರ್ಮನಿಯಲ್ಲೂ ಬಹಳ ಬೇರೆಯಾಗಿರಲಿಲ್ಲ. ಆ ಪರಂಪರೆಯ ಮೂಲಪುರುಷ ಲೀಖ್ಟೆನೌವರ್ ತನ್ನ ವಿದ್ಯೆಯನ್ನು ಒಗಟಿನಂಥ ಪದ್ಯಗಳಲ್ಲಿ ಅಡಗಿಸಿಟ್ಟ. ಕಲಿತವರಿಗೆ ಅದು ನೆನಪಿನ ಗಂಟು, ಹೊರಗಿನವರಿಗೆ ಅರ್ಥವಾಗಬಾರದು. ಮೇಯರ್ ಮುಚ್ಚಿಡಲಿಲ್ಲ, ಎಲ್ಲವನ್ನೂ ಬಿಡಿಸಿ ಬರೆದ, ಸಾಲ ಮಾಡಿ ಅಚ್ಚು ಹಾಕಿಸಿದ. ಮರು ವರ್ಷವೇ, 1571ರಲ್ಲಿ, ಕತ್ತಿವರಸೆ ಕಲಿಸುವ ಕೆಲಸ ಹಿಡಿದು ಹೋದ ಹೊಸ ಊರಿನಲ್ಲಿ ತೀರಿಕೊಂಡ. ಅಷ್ಟು ಕಷ್ಟಪಟ್ಟು ಬರೆದವನ ಪುಸ್ತಕವನ್ನು ಚಿತ್ರ ನೋಡಿ ಮಡಚಿಟ್ಟೆನಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಹುಡುಗನ ಬೆರಳು ಕೂಡಿತು, ಪೆನ್ನು ಹಿಡಿಯುತ್ತಾನೆ. ಈ ಸಲ ರಜೆಗೆ ಬಂದಾಗ ಕತ್ತಿಯ ವಿಷಯ ಅವನೇ ತೆಗೆದ. ನನಗೆ ಗೊತ್ತಿಲ್ಲದ್ದನ್ನು ಕಲಿಸಲು ಹೊರಟಿದ್ದೆ ಎಂದು ಅವನಿಗೂ ಹೇಳಿದೆ. ಕಾಸರಗೋಡಿನ ಕಡೆ ಒಂದು ಕಳರಿಗೆ ಸೇರಬೇಕೆಂದಿದ್ದಾನೆ. ಅಕ್ಕ ಒಪ್ಪಿದ್ದಾಳೆ, ನಾನೂ ಸೇರಬೇಕು, ಅವನ ಹಿಂದಿನ ಸಾಲಿನಲ್ಲಿ ನಿಲ್ಲಬೇಕು ಎಂಬ ಷರತ್ತಿನ ಮೇಲೆ.