ಬಿಟ್ಟು ಓದಿದ ಪುಟಗಳು

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಓದಿರುವೆನೆಂದು ನಾನು ಬಹುಕಾಲ ಹೇಳಿಕೊಂಡು ಬಂದಿದ್ದೆ. ಅದು ಸತ್ಯವಾಗಿರಲಿಲ್ಲ. 1967ರಲ್ಲಿ ಪ್ರಕಟವಾದ ಆ ಬೃಹತ್ ಕೃತಿಯನ್ನು ಮೂರು ಬಾರಿ ಕೈಗೆತ್ತಿಕೊಂಡು, ಮೂರು ಬಾರಿಯೂ ನೂರು ಪುಟ ದಾಟುವ ಮುನ್ನವೇ ಕೆಳಗಿರಿಸಿದ್ದೆ. 2010ರಲ್ಲಿ ಮೈಸೂರಿನ ರಂಗಾಯಣವು ಅದನ್ನು ಇಡೀ ರಾತ್ರಿಯ ನಾಟಕವಾಗಿ ರಂಗಕ್ಕೆ ತಂದಾಗ, ನೋಡಿಬಂದ ಗೆಳೆಯರೊಡನೆ ಬಲ್ಲವನಂತೆ ಚರ್ಚಿಸಿಯೂ ಇದ್ದೆ!

ಕಷ್ಟವಿರುವುದು ಗಾತ್ರದಲ್ಲಷ್ಟೇ ಅಲ್ಲ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ ಎಂದು ಹಲವು ಮನೆಗಳ ಕಥೆಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಯಾರು ಯಾರಿಗೆ ನಂಟ, ಯಾರು ಯಾರ ಜೀತದಾಳು ಎಂಬುದು ಮನಸ್ಸಿಗೆ ಹತ್ತುವಷ್ಟರಲ್ಲಿ ಲೇಖಕರು ಬೇರೊಂದು ಕಾಡುದಾರಿ ಹಿಡಿದಿರುತ್ತಾರೆ. ಕಥಾನಾಯಕನನ್ನು ಅರಸುವ ಓದುಗನಿಗೆ ಇಲ್ಲಿ ಆಸರೆಯಿಲ್ಲ. ಜೀತದ ಗುತ್ತಿ ತನ್ನ ನಾಯಿ ಹುಲಿಯನೊಡನೆ ನಡೆಯುವುದಕ್ಕೂ 1893ರಲ್ಲಿ ವಿವೇಕಾನಂದರು ಚಿಕಾಗೋ ನಗರದಲ್ಲಿ ಮಾತನಾಡಿದ್ದಕ್ಕೂ ಅಲ್ಲಿ ಒಂದೇ ತೂಕ.

ಕಳೆದ ಚಾತುರ್ಮಾಸದಲ್ಲಿ ನಾನು ಈ ಪುಸ್ತಕವನ್ನು ನಾಲ್ಕನೆಯ ಬಾರಿಗೆ ತೆರೆದದ್ದು ನನಗಾಗಿ ಅಲ್ಲ, ತಾಯಿಯವರಿಗಾಗಿ. ಅವರ ದೃಷ್ಟಿ ಮಂದವಾಗಿದೆ. ಅವರ ತವರು ಹೊಂಬುಜದ ಕಡೆ. ಅರಿಶಿನಕುಂಟೆಯ ನಮ್ಮ ಮನೆಯಲ್ಲಿ ಹಗಲಿರುಳೂ ತುಮಕೂರು ರಸ್ತೆಯ ಲಾರಿಗಳ ಸದ್ದು. ಮಲೆನಾಡಿನ ಮಳೆಯನ್ನಾದರೂ ಕೇಳಲಿ ಎಂದುಕೊಂಡೆ. ಸೂರ್ಯಾಸ್ತಕ್ಕೆ ಮುನ್ನ ಊಟ, ಸಾಮಾಯಿಕ, ಆ ಬಳಿಕ ಒಂದು ಗಂಟೆಯ ಓದು. ಗಟ್ಟಿಯಾಗಿ ಓದುವಾಗ ಕಣ್ಣು ಹಾರಿಸಲು ಬರುವುದಿಲ್ಲ. ಹಿಂದೆ ನನ್ನನ್ನು ಸೋಲಿಸಿದ್ದ ಹೆಸರುಗಳ ತೊಡಕನ್ನು ಅಮ್ಮ ಸಲೀಸಾಗಿ ಬಿಡಿಸುತ್ತಿದ್ದರು. ನಾಲ್ಕು ಮನೆಗಳ ನಂಟಸ್ತಿಕೆಯನ್ನು ನೆನಪಿಡುವುದು ಅವರ ತಲೆಮಾರಿಗೆ ನಿತ್ಯದ ವಿದ್ಯೆಯಷ್ಟೆ.

ತೊಡಕು ಬಂದದ್ದು ಬೇಟೆಯ ಪ್ರಸಂಗದಲ್ಲಿ. ಗೆಡ್ಡೆಗೆಣಸನ್ನೂ ತ್ಯಜಿಸಿದ ವೃದ್ಧೆಗೆ ರಕ್ತಮಾಂಸದ ವರ್ಣನೆಯನ್ನು ಹೇಗೆ ಓದಿ ಹೇಳಲಿ? ಸದ್ದಿಲ್ಲದೆ ಎರಡು ಪುಟ ಮಗುಚಿದೆ.

"ಈಗ ತಾನೇ ಕಾಡಿಗೆ ಹೊರಟವರು ಆಗಲೇ ಮನೆಗೆ ಬಂದರೇನು?" ಎಂದರು. ನಾನು ಸುಮ್ಮನಿದ್ದೆ. "ನನಗಾಗಿ ಬಿಟ್ಟೆಯೋ, ನಿನಗಾಗಿಯೋ?"

ಉತ್ತರ ನನ್ನಲ್ಲಿರಲಿಲ್ಲ. ಹಿಂದಿರುಗಿ ಆ ಪುಟಗಳನ್ನು ಓದಿದೆ. ಅವರು ಕಣ್ಣುಮುಚ್ಚಿ ಕೇಳಿದರು, ಮುಖ ಬಾಡಿತು, ನಿಲ್ಲಿಸೆನ್ನಲಿಲ್ಲ. ಓದಿರುವೆನೆಂಬ ನನ್ನ ಹಳೆಯ ಸುಳ್ಳನ್ನು ಅಂದೇ ಅವರಿಗೆ ಹೇಳಿದೆ. ನಕ್ಕರು. ಆ ನಗೆ ನನಗೆ ಬೈಗುಳಕ್ಕಿಂತ ಕಠಿಣವಾಗಿತ್ತು.

700ಕ್ಕೂ ಮಿಕ್ಕ ಪುಟಗಳು ಮುಗಿಯಲು ಹತ್ತಿರ ಹತ್ತಿರ ನಾಲ್ಕು ತಿಂಗಳು ಹಿಡಿದವು. ಅಷ್ಟರಲ್ಲಿ ಅಮ್ಮನಿಗೆ ಹುಲಿಯನ ಮೇಲೆ ಹೆಚ್ಚಿನ ಮಮತೆ ಬೆಳೆದಿತ್ತು. ಬೀದಿಯ ನಾಯಿಗೆ ರೊಟ್ಟಿ ಹಾಕಿಸುವಾಗಲೂ ಅದೇ ಹೆಸರು. ಮುಂದಿನ ಪುಟಗಳನ್ನು ನಾನು ಹಗಲಿನಲ್ಲಿ ಮೊದಲೇ ನೋಡಿಕೊಳ್ಳುತ್ತಿದ್ದೆನಾದ್ದರಿಂದ, ತುಂಗೆಯ ಪ್ರವಾಹವು ಆ ನಾಯಿಯನ್ನು ಕೊಚ್ಚಿಕೊಂಡು ಹೋಗುವುದೆಂದು ನನಗೆ ತಿಳಿದಿತ್ತು. ಆ ಸಂಜೆ ಗಂಟಲು ಸರಿಯಿಲ್ಲವೆಂದು ನೆವ ಹೇಳಿದೆ. ಮರುದಿನವೂ ಹೇಳಬಹುದಿತ್ತು, ಒಂದು ವಾಕ್ಯ ಬದಲಿಸಿ ಹುಲಿಯನನ್ನು ದಡ ಸೇರಿಸಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಮರುಸಂಜೆ ಇದ್ದದ್ದನ್ನು ಇದ್ದಂತೆಯೇ ಓದಿದೆ. ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಹೊರಗೆ ಲಾರಿಗಳು ಹೋಗುತ್ತಲೇ ಇದ್ದವು. ಆಮೇಲೆ, "ಆ ಪುಟವನ್ನು ಇನ್ನೊಮ್ಮೆ ಓದು" ಎಂದರು.