ತೊಂಬತ್ತೆರಡು ಎಂದರೆ ಅರ್ಧ ದಾರಿ



ನನ್ನ ಶಿಷ್ಯರಲ್ಲಿ ಹಲವರು ಈಗ ಪ್ರೌಢಶಾಲೆಗೆ ಹೋಗುವ ಮಕ್ಕಳ ತಂದೆತಾಯಿಗಳು. ದೂರವಾಣಿಯಲ್ಲಿ ಮಾತನಾಡುವಾಗ ಅವರು ಆಗಾಗ ಕೇಳುವ ಪ್ರಶ್ನೆಯೊಂದಿದೆ: “ಸರ್, ಹುಡುಗ ಗಂಟೆಗಟ್ಟಲೆ ಆನ್‌ಲೈನ್ ಆಟದಲ್ಲಿ ಮುಳುಗಿರುತ್ತಾನೆ. ಅದರಲ್ಲಿ ಅಂಥದ್ದೇನಿದೆ?” ಈ ವರ್ಷ ಆ ಪ್ರಶ್ನೆ ನಮ್ಮ ಮನೆಗೇ ಬಂದಿದೆ. ಗಣಿತದ ಮೇಷ್ಟರಾಗಿ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಹತ್ತನೆಯ ತರಗತಿಯಲ್ಲಿರುವ ನನ್ನ ಮೊಮ್ಮಗ ಆಡುವುದು ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಎಂಬ ಆಟವನ್ನು. ಮೂಲ ರೂನ್‌ಸ್ಕೇಪ್ ಇಂಗ್ಲೆಂಡಿನಲ್ಲಿ 2001ರಲ್ಲಿ ಆರಂಭವಾಯಿತು. ಅದರ 2007ರ ರೂಪವನ್ನು ಹಳೆಯ ಆಟಗಾರರ ಬೇಡಿಕೆಯಂತೆ 2013ರಲ್ಲಿ ಮತ್ತೆ ತೆರೆದರು. ಸಾವಿರಾರು ಮಂದಿ ಒಂದೇ ಸಮಯದಲ್ಲಿ ಒಂದು ಕಲ್ಪಿತ ಲೋಕವನ್ನು ಪ್ರವೇಶಿಸುತ್ತಾರೆ. ಪ್ರತಿಯೊಬ್ಬರಿಗೂ ಒಂದು ಪಾತ್ರ. ಆ ಪಾತ್ರ ಮರ ಕಡಿಯುತ್ತದೆ, ಮೀನು ಹಿಡಿಯುತ್ತದೆ, ಅಡುಗೆ ಮಾಡುತ್ತದೆ, ಕಾದಾಡುತ್ತದೆ. ಕೆಲಸಕ್ಕೆ ತಕ್ಕಂತೆ ಅನುಭವದ ಅಂಕಗಳು ದೊರೆಯುತ್ತವೆ. ಅಂಕ ಕೂಡುತ್ತ ಹೋದಂತೆ ಒಂದೊಂದು ವಿದ್ಯೆಯಲ್ಲೂ 1ರಿಂದ 99ನೆಯ ಹಂತದವರೆಗೆ ಏರಬಹುದು. ಅಂಕ ಮತ್ತು ಹಂತಗಳ ಈ ಕಲ್ಪನೆ ಇಂತಹ ಆಟಗಳಿಗೆ ಬಂದದ್ದು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ನಿಂದ. ಅದು ಮೇಜಿನ ಸುತ್ತ ಕುಳಿತು ಆಡುವ ಆಟ.

ಇನ್ನು ಲೆಕ್ಕಕ್ಕೆ ಬರೋಣ. ಸಾಮಾನ್ಯ ಮರದ ಒಂದು ದಿಮ್ಮಿ ಕಡಿದರೆ 25 ಅಂಕ. 2ನೆಯ ಹಂತಕ್ಕೆ 83 ಅಂಕ ಸಾಕು. ನಾಲ್ಕು ದಿಮ್ಮಿಗಳಲ್ಲಿ ಕೆಲಸ ಮುಗಿಯಿತು. 15ನೆಯ ಹಂತದವನಿಗೆ ಓಕ್ ಮರ ಕಡಿಯುವ ಅರ್ಹತೆ, 60ನೆಯ ಹಂತದವನಿಗೆ ಯೂ ಮರ. ಯೂ ಮರದ ದಿಮ್ಮಿಯೊಂದಕ್ಕೆ 175 ಅಂಕ. ಆದರೆ 98ರಿಂದ 99ಕ್ಕೆ ಏರಲು ಬೇಕಾದ ಅಂಕಗಳು 12,28,825! ಭಾಗಿಸಿ ನೋಡಿದರೆ, ಆ ಒಂದೇ ಮೆಟ್ಟಿಲಿಗೆ 7,022 ಯೂ ದಿಮ್ಮಿಗಳು. ಸುಮಾರು ಏಳು ಹಂತಗಳಿಗೊಮ್ಮೆ ಬೇಕಾದ ಅಂಕ ಇಮ್ಮಡಿಯಾಗುತ್ತದೆ. ನಿಮಗೆ ಕರಿಹಲಗೆಯ ಮೇಲೆ ಕಲಿಸಿದ ಗುಣೋತ್ತರ ಶ್ರೇಢಿಯ ಸೊಬಗೇ ಇದು. 99ನೆಯ ಹಂತಕ್ಕೆ ಒಟ್ಟು 1,30,34,431 ಅಂಕ, 92ನೆಯ ಹಂತಕ್ಕೆ 65,17,253. ಎಂದರೆ ನೂರಕ್ಕೆ ತೊಂಬತ್ತೆರಡರಷ್ಟು ಏರಿದೆನೆಂದು ಭಾವಿಸಿದವನು ನಿಂತಿರುವುದು ಅರ್ಧ ದಾರಿಯಲ್ಲಿ. ತುದಿ ಮುಟ್ಟಿದವನು ಆಟದ 99,000 ನಾಣ್ಯ ಕೊಟ್ಟು, ಹೆಗಲಿನಿಂದ ಇಳಿಬೀಳುವ ಒಂದು ಮೇಲುವಸ್ತ್ರವನ್ನು ಕೊಳ್ಳಬಹುದು.

ಮೊಮ್ಮಗ 92ರಲ್ಲಿದ್ದ. ಮಗಳು ಕಂಪ್ಯೂಟರನ್ನೇ ಬೀರುವಿನಲ್ಲಿಟ್ಟು ಬೀಗ ಹಾಕುವ ಹಂತದಲ್ಲಿದ್ದಳು. ಅವನು ಗಣಿತದ ಉತ್ತರಪತ್ರಿಕೆಗಳನ್ನು ಮಡಿಕೆ ಬಿಚ್ಚದೆಯೇ ಚೀಲದ ತಳಕ್ಕೆ ತಳ್ಳತೊಡಗಿದ್ದ. “ಇನ್ನರ್ಧ ಬಾಕಿ ಇದೆಯಲ್ಲೋ, ಬೇಸರ ಬರುವುದಿಲ್ಲವೇ?” ಎಂದು ಕೇಳಿದೆ. “ಅಜ್ಜ, ಇಲ್ಲಿ ಒಮ್ಮೆ ಗಳಿಸಿದ್ದು ಹೋಗೋದಿಲ್ಲ. ಗಣಿತ ಹಾಗಲ್ಲ. ಹೋದ ಟೆಸ್ಟಲ್ಲಿ ಬಂದಿದ್ದು ಈ ಟೆಸ್ಟಲ್ಲಿ ಬರೋದಿಲ್ಲ” ಎಂದ.

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಿಗೆ ಆ ಮಾತು ಆಳಕ್ಕೆ ಇಳಿಯಿತು. ಅವನ ಮಾತಿನಲ್ಲಿ ಸತ್ಯವಿದೆ. ಗಳಿಸಿದ್ದನ್ನು ಕಸಿಯುವ ಆಟಗಳೂ ಇದ್ದವು: 1999ರಲ್ಲಿ ಬಂದ ‘ಎವರ್‌ಕ್ವೆಸ್ಟ್’ನಲ್ಲಿ ಪಾತ್ರ ಸತ್ತರೆ ಅಂಕಗಳು ಕಡಿಮೆಯಾಗಿ, ಒಂದು ಹಂತವೇ ಕೆಳಗಿಳಿಯುವುದಿತ್ತು. 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆ ಶಿಕ್ಷೆಯನ್ನು ಕೈಬಿಟ್ಟಿತು. ಅದರ ಪ್ರಯೋಗದ ಕಾಲದಲ್ಲಿ, ಬಹಳ ಹೊತ್ತು ಆಡಿದವರಿಗೆ ಅರ್ಧ ಅಂಕ ಮಾತ್ರ ಎಂಬ ನಿಯಮವಿತ್ತು. ಆಟಗಾರರು ಸಿಟ್ಟಾದರು. ನಿರ್ಮಾಪಕರು ಆ ಅರ್ಧವನ್ನೇ ಸಾಮಾನ್ಯ ಅಂಕವೆಂದು ಕರೆದು, ವಿಶ್ರಾಂತಿ ಪಡೆದು ಬಂದವರಿಗೆ ಇಮ್ಮಡಿ ಎಂದು ಸಾರಿದರು. ಲೆಕ್ಕ ಅದೇ, ಹೆಸರು ಬೇರೆ, ಎಲ್ಲರಿಗೂ ಸಂತೋಷ. ಕೆಂಪು ಶಾಯಿಯಲ್ಲಿ ಅಂಕ ಕಳೆಯುವ ನಮ್ಮಂಥವರು ಮನಗಾಣಬೇಕಾದ ಸಂಗತಿ ಇದು. ನಮ್ಮ ರಾಜ್ಯದಲ್ಲಿಯೂ 2024ರಲ್ಲಿ ಎಸ್‌ಎಸ್‌ಎಲ್‌ಸಿಗೆ ‘ಪೂರಕ’ ಎಂಬ ಹಣೆಪಟ್ಟಿ ತೆಗೆದು ಮೂರು ಪರೀಕ್ಷೆಗಳನ್ನು ನಡೆಸಿ, ಹೆಚ್ಚಿನ ಅಂಕವನ್ನೇ ಉಳಿಸಿಕೊಳ್ಳುವ ಅವಕಾಶ ಕೊಟ್ಟಾಗ ನನಗೆ ಹಿತವೆನಿಸಿತ್ತು.

ಆದರೂ ಮೊಮ್ಮಗನಿಗೆ ಎರಡು ಮಾತು ಹೇಳಿದೆ. ಮೊದಲನೆಯದು, ಆ ಏಣಿ ನಿನ್ನದಲ್ಲ, ಕಂಪನಿಯದು. ವಾರ್‌ಕ್ರಾಫ್ಟ್‌ನಲ್ಲಿ 120ನೆಯ ಹಂತಕ್ಕೆ ಏರಿದ್ದ ಪಾತ್ರಗಳನ್ನೆಲ್ಲ 2020ರಲ್ಲಿ ಕಂಪನಿಯವರು 50ಕ್ಕೆ ಇಳಿಸಿ, ಏಣಿಯನ್ನೇ ಹೊಸದಾಗಿ ಜೋಡಿಸಿದರು. ಎರಡನೆಯದು, ಏಳು ಸಾವಿರ ಮರ ಕಡಿದಾಗ ಬೆಳೆಯುವುದು ಪಾತ್ರದ ಕೈ; ನಿನ್ನ ಕೈ ಮೊದಲ ಮರದ ಹೊತ್ತಿಗೇ ಕಲಿಯುವುದನ್ನೆಲ್ಲ ಕಲಿತಿತ್ತು. ಇಪ್ಪತ್ತು ವರ್ಗಸಮೀಕರಣ ಬಿಡಿಸಿದರೆ ಇಪ್ಪತ್ತೊಂದನೆಯದನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಅದು ಬೆಳೆದದ್ದು ನಿನ್ನೊಳಗೆ. ಪರದೆಯ ಮೇಲೆ ಕಾಣದಿರುವುದರಿಂದ ಅದು ಹೋಯಿತೆಂದು ನಿನಗೆ ತೋರುತ್ತದೆ, ಅಷ್ಟೇ.

ಕಾಣುವಂತೆ ಮಾಡುವುದು ಹಿರಿಯರ ಕೆಲಸವೆಂದು ನನಗೆ ತೋರಿತು. ಒಂದು ನೂರು ಪುಟದ ಪುಸ್ತಕ ತಂದುಕೊಟ್ಟೆ. ಬಿಡಿಸಿದ ಪ್ರತಿ ಲೆಕ್ಕಕ್ಕೂ ಒಂದು ಗೆರೆ. ಉತ್ತರ ತಪ್ಪಾದರೂ ಗೆರೆ ಅಳಿಸುವಂತಿಲ್ಲ. ಆಟ ಭಾನುವಾರಕ್ಕೆ ಮಾತ್ರವೆಂದು ತಾಯಿ–ಮಗ ಒಪ್ಪಂದಕ್ಕೆ ಬಂದಿದ್ದಾರೆ. ಅಂಕಗಳು ಧುತ್ತೆಂದು ಏರಿಲ್ಲ. ಆದರೆ ಹೋದ ವಾರ ಉತ್ತರಪತ್ರಿಕೆಯನ್ನು ಅವನೇ ತಂದು ನನ್ನ ಮುಂದೆ ಬಿಚ್ಚಿದ: “ಅಜ್ಜ, ಈ ಮೂರನೆಯದು ಎಲ್ಲಿ ತಪ್ಪಿತು?”

ಆದ್ದರಿಂದ ನನ್ನ ಶಿಷ್ಯ ತಂದೆತಾಯಿಗಳಲ್ಲಿ ಒಂದು ವಿನಂತಿ. ಬೀಗ ಹುಡುಕುವ ಮುನ್ನ, ಮಗುವಿನ ಪಕ್ಕದಲ್ಲಿ ಕುಳಿತು ಅದು ಯಾವ ಹಂತದಲ್ಲಿದೆ ಎಂದು ಕೇಳಿ. ಬಳಿಕ, ಮನೆಯಲ್ಲಿ ಅದರ ದುಡಿಮೆಯನ್ನು ಯಾರು ಎಣಿಸುತ್ತಿದ್ದಾರೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ.